ಸಸಿಯೊಡನೆ ಬರುವ ಅಣಬೆ



ಮಳೆಗಾಲದಲ್ಲಿ ನೀಲಗಿರಿ ತೋಪಿನೊಳಗೆ ಓಡಾಡಿದವರು ಮರದ ಬುಡದಲ್ಲಿ ಅಣಬೆ ಎದ್ದಿರುವುದನ್ನು ನೋಡಿರುತ್ತೀರಿ. ಗುಡುಗಿಗೆ ಹುಟ್ಟಿದವು ಎಂದು ಹೇಳುವುದು ವಾಡಿಕೆ. ಆದರೆ ಅವುಗಳಲ್ಲಿ ಕೆಲವಕ್ಕೆ ನಮ್ಮ ನೆಲ ಹುಟ್ಟೂರೇ ಅಲ್ಲ. ನೀಲಗಿರಿ ಮರವು ಆಸ್ಟ್ರೇಲಿಯದಿಂದ ಬಂದುದು. ಅದರ ಬೇರಿನ ಜೊತೆಗಾರರಲ್ಲಿ ಕೆಲವೂ ಅಲ್ಲಿಂದಲೇ ಬಂದಿವೆ.

ನಾವು ಅಣಬೆಯೆಂದು ಕರೆಯುವುದು ಶಿಲೀಂಧ್ರದ ಕಾಯಿ ಇದ್ದಂತೆ. ಅದರ ಮೈಯೆಲ್ಲ ಮಣ್ಣಿನೊಳಗೆ ನೂಲಿನಂತಹ ಎಳೆಗಳಾಗಿ ಹರಡಿರುತ್ತದೆ. ಈ ಎಳೆಗಳು ಮರದ ಬೇರಿನ ತುದಿಗಳನ್ನು ಸುತ್ತಿಕೊಂಡು, ಬೇರು ಮುಟ್ಟಲಾರದ ಕಡೆಯಿಂದ ನೀರನ್ನೂ ರಂಜಕವನ್ನೂ ತಂದುಕೊಡುತ್ತವೆ. ಮರವು ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ಒಂದು ಬಗೆಯ ಪಾಲುಗಾರಿಕೆ ಎನ್ನಿ. ರಾಗಿ, ಜೋಳಗಳ ಬೇರಿನಲ್ಲಿಯೂ ಜೊತೆಗಾರ ಶಿಲೀಂಧ್ರಗಳುಂಟು, ಆದರೆ ಅವುಗಳ ಜಾತಿ ಬೇರೆ. ಅವು ಅಣಬೆ ಬಿಡುವುದಿಲ್ಲ.

ಜೊತೆಗಾರನಿಲ್ಲದೆ ಕೆಲವು ಮರಗಳು ಏಳುವುದೇ ಇಲ್ಲ. ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದಲ್ಲಿ ಪೈನ್ ಮರವನ್ನು ಹೊಸದಾಗಿ ಬೆಳೆಸಲು ಹೊರಟಾಗ ಸಸಿಗಳು ಸೊರಗಿ ಹೋಗುತ್ತಿದ್ದವು. 1955ರಲ್ಲಿ ಅಮೆರಿಕದ ಉತ್ತರ ಕೆರೊಲಿನದ ಪೈನ್ ಕಾಡಿನ ಮಣ್ಣನ್ನು ತರಿಸಿ ಕೆಲವು ಸಸಿಗಳ ಬುಡಕ್ಕೆ ಹಾಕಿದರು. ಅವು ಚೇತರಿಸಿಕೊಂಡು ಮೇಲೆದ್ದವು. ಬೇಕಾದುದು ಗೊಬ್ಬರವಲ್ಲ, ಆ ಮಣ್ಣಿನಲ್ಲಿದ್ದ ಶಿಲೀಂಧ್ರ.

ಆದರೆ ಮಣ್ಣು ತಂದಾಗ ಬೇಕಾದುದು ಮಾತ್ರ ಬರುವುದಿಲ್ಲ. ಯೂರೋಪಿನ ಓಕ್ ಮರಗಳ ಬೇರಿಗೆ ಅಂಟಿ ಬೆಳೆಯುವ ಒಂದು ವಿಷದ ಅಣಬೆಗೆ ಅಲ್ಲಿನವರು 'ಸಾವಿನ ಟೋಪಿ' ಎಂಬರ್ಥದ ಹೆಸರಿಟ್ಟಿದ್ದಾರೆ. ಅದು ಸಸಿಗಳ ಬೇರಿನೊಡನೆ ಅಮೆರಿಕ, ಆಸ್ಟ್ರೇಲಿಯಗಳಿಗೆ ಹೋಯಿತು. ಕ್ಯಾಲಿಫೋರ್ನಿಯದಲ್ಲಿ 1938ರಲ್ಲಿ ಒಂದು ಹೋಟೆಲಿನ ತೋಟದಲ್ಲಿ ಅದನ್ನು ಗುರುತಿಸಲಾಗಿತ್ತು. ಮುಂದೆ ತೋಟದಿಂದ ಕಾಡಿಗೆ ಇಳಿದು, ಅಲ್ಲಿನ ನಾಡ ಓಕ್ ಮರಗಳನ್ನೇ ಜೊತೆ ಮಾಡಿಕೊಂಡಿತು. 2016ರ ಡಿಸೆಂಬರಿನಲ್ಲಿ ಅದನ್ನು ತಿಂದು 14 ಮಂದಿ ಕಾಯಿಲೆ ಬಿದ್ದರು. ಮೂವರಿಗೆ ಬೇರೆಯವರ ಪಿತ್ತಜನಕಾಂಗವನ್ನು ಜೋಡಿಸಬೇಕಾಯಿತು. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ 2012ರ ಜನವರಿಯಲ್ಲಿ ಇಬ್ಬರು ಸತ್ತರು.

ಇಲ್ಲಿ ಒಂದು ಮಾತನ್ನು ಗಮನಿಸಿರಿ. ಈ ಅಣಬೆಗೆ ಬಲಿಯಾದವರಲ್ಲಿ ಏಷ್ಯದಿಂದ ವಲಸೆ ಹೋದ ಅನುಭವಸ್ಥರೂ ಇದ್ದಾರೆ. ತಮ್ಮ ಊರಿನಲ್ಲಿ ತಿನ್ನುತ್ತಿದ್ದ ಭತ್ತದ ಹುಲ್ಲಿನ ಅಣಬೆಯೇ ಇದು ಎಂದು ಅವರು ಬಗೆದರು. ಹಿರಿಯರ ತಿಳಿವಳಿಕೆ ಸುಳ್ಳಲ್ಲ. ಆದರೆ ಅದು ಅವರು ಬಾಳಿದ ನೆಲದ ಅಣಬೆಗಳ ತಿಳಿವಳಿಕೆ. ನಮ್ಮ ಅಜ್ಜಿಯರು ಹುತ್ತದ ಅಣಬೆಯನ್ನು ಕಣ್ಣು ಮುಚ್ಚಿ ಗುರುತಿಸಿಯಾರು. ನಿನ್ನೆ ಮೊನ್ನೆ ನೆಟ್ಟ ತೋಪಿನ ಅಣಬೆ ಅವರ ಕಾಲದಲ್ಲಿ ಇರಲೇ ಇಲ್ಲ.

ಊಟಿಯ ಬೆಟ್ಟಗಳಲ್ಲಿ ನೆಟ್ಟ ಪೈನ್ ತೋಪುಗಳಲ್ಲಿ ಕೆಂಪು ಟೋಪಿಯ ಮೇಲೆ ಬಿಳಿ ಚುಕ್ಕೆಯಿರುವ ಹೊರನಾಡಿನ ಅಣಬೆ ಏಳುತ್ತದೆ. ಅದೂ ವಿಷದ್ದೇ. ಅದರ ಬಣ್ಣ ಕಂಡರೆ ಯಾರಾದರೂ ದೂರ ಸರಿದಾರು. ಸಾವಿನ ಟೋಪಿ ಹಾಗಲ್ಲ: ನಸು ಹಸಿರು ಇಲ್ಲವೆ ಬಿಳಿಚು ಬಣ್ಣ, ಸಾಧುವಾದ ರೂಪ, ತಿಂದು ಬದುಕಿದವರು ರುಚಿಯಾಗಿತ್ತೆಂದೇ ಹೇಳಿದ್ದಾರೆ.

ಆದುದರಿಂದ ನೀಲಗಿರಿ, ಅಕೇಶಿಯ, ಪೈನ್ ತೋಪುಗಳ ಅಣಬೆಯನ್ನು ಅಡಿಗೆಗೆ ತರಬೇಡಿರಿ. ಹುಳು ತಿಂದಿದೆ, ಬೆಳ್ಳಿ ಕಪ್ಪಾಗಲಿಲ್ಲ ಎಂಬ ಪರೀಕ್ಷೆಗಳನ್ನು ನಂಬಬೇಡಿರಿ. ಬೇಯಿಸಿದರೂ ಒಣಗಿಸಿದರೂ ಸಾವಿನ ಟೋಪಿಯ ವಿಷ ಹೋಗುವುದಿಲ್ಲ. ವಾಂತಿ ಭೇದಿಗಳು ಆರು ಗಂಟೆಗಳ ಮೇಲೆ, ಎಷ್ಟೋ ಸಲ ಅರ್ಧ ದಿನ ಕಳೆದ ಮೇಲೆ ಶುರುವಾಗುತ್ತವೆ. ಮರುದಿನ ಗುಣವಾದಂತೆ ತೋರುತ್ತದೆ. ಅಷ್ಟರಲ್ಲಿ ಪಿತ್ತಜನಕಾಂಗ ಕೆಡುತ್ತಿರುತ್ತದೆ. ಅಣಬೆ ತಿಂದವರಿಗೆ ಹೀಗಾದರೆ ನಾಟಿ ಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಅಣಬೆಯಿದ್ದರೆ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ; ಅದೇ ಊಟ ಮಾಡಿದ ಉಳಿದವರನ್ನೂ, ಅವರಿಗೆ ಏನೂ ಆಗದಿದ್ದರೂ, ವೈದ್ಯರಿಗೆ ತೋರಿಸಿರಿ.