ನಿವೃತ್ತರ ಯಾತ್ರೆಗೆ ಸಣ್ಣ ಸಂಚಾರಿ ಮನೆ

ಅರುವತ್ತು ತುಂಬಿ ಶಾಲೆಯ ಗಂಟೆಯ ಹಂಗು ತೀರಿದ ಮೇಲೆ ದೇಶ ನೋಡಬೇಕೆಂಬ ಆಸೆ ನಮ್ಮ ಗಡಿನಾಡಿನ ಅನೇಕ ಶಿಕ್ಷಕ ದಂಪತಿಗಳಲ್ಲಿ ಚಿಗುರುವುದು ಸಹಜ. ಹೊಸೂರಿನವರಿಗೆ ದಾರಿಯ ಕೊರತೆಯೂ ಇಲ್ಲ. ಶ್ರೀನಗರವನ್ನು ಕನ್ಯಾಕುಮಾರಿಗೆ ಜೋಡಿಸುವ 44ನೇ ರಾಷ್ಟ್ರೀಯ ಹೆದ್ದಾರಿ ಮನೆಬಾಗಿಲಿನಲ್ಲೇ ಇದೆ. ಕೃಷ್ಣಗಿರಿಯಲ್ಲಿ ಚೆನ್ನೈಯ ಹಾದಿ ಅದರಿಂದ ಕವಲೊಡೆಯುತ್ತದೆ. ಮಲಗುವ ಅನುಕೂಲವುಳ್ಳ ಕ್ಯಾರವಾನ್ ಒಂದನ್ನು ಕೊಂಡರೆ ಹೇಗೆಂಬ ಯೋಚನೆ ಆಗ ಮೂಡುತ್ತದೆ. ಆದರೆ ನಿವೃತ್ತಿಯ ಇಡುಗಂಟು ಒಮ್ಮೆ ಮಾತ್ರ ಕೈಸೇರುವ ಹಣ. ಅದನ್ನು ಗಾಲಿಗಳ ಮೇಲೆ ಹೂಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು: ದಾರಿಯಲ್ಲಿ ನಮಗೆ ದೊರೆಯದಿರುವುದು ಯಾವುದು?

ಮೈಸೂರಿನ ದಕ್ಷಿಣಾಮೂರ್ತಿ ಕೃಷ್ಣಕುಮಾರ್ ಅವರು 2018ರ ಜನವರಿಯಲ್ಲಿ ವೃದ್ಧ ತಾಯಿ ಚೂಡಾರತ್ನಮ್ಮನವರನ್ನು ತಂದೆ ಕೊಡಿಸಿದ್ದ ಹಳೆಯ ಚೇತಕ್ ಸ್ಕೂಟರಿನಲ್ಲಿ ಕೂರಿಸಿಕೊಂಡು ದೇಶಯಾತ್ರೆಗೆ ಹೊರಟರು. ಮಠ, ಛತ್ರಗಳಲ್ಲಿ ತಂಗುತ್ತ ಸಹಸ್ರಾರು ಕಿಲೋಮೀಟರ್ ಕ್ರಮಿಸಿದರು. ಊಟ, ವಸತಿಗಳನ್ನು ನಮ್ಮ ನಾಡು ಇಂದಿಗೂ ದಾರಿಹೋಕರಿಗೆ ಒದಗಿಸುತ್ತದೆ ಎಂಬುದಕ್ಕೆ ಈ ಯಾತ್ರೆ ಸಾಕ್ಷಿ. ಸುಲಭವಾಗಿ ದೊರೆಯದಿರುವುದು ಮಧ್ಯಾಹ್ನ ಬೆನ್ನು ಚಾಚಲು ತಾವು, ರಾತ್ರಿ ಎದ್ದವರಿಗೆ ಶುಚಿಯಾದ ಶೌಚ, ಇನ್ಸುಲಿನ್ ಇಡಲು ತಂಪು. ಇಷ್ಟಕ್ಕೆ ದೊಡ್ಡ ಬಸ್ಸು ಬೇಡ.

ಮಾರುತಿ ಈಕೋದಂತಹ ವ್ಯಾನಿನ ಉದ್ದ 3.7 ಮೀಟರಿಗೂ ಕಡಿಮೆ, ಅಗಲ ಒಂದೂವರೆ ಮೀಟರಿನೊಳಗೆ. ಹಳೆಯ ಪೇಟೆಯ ಓಣಿಗೂ ಅಂಚೆಟ್ಟಿ ಕಡೆಯ ಘಟ್ಟದ ತಿರುವಿಗೂ ಅದು ಹೊಂದುತ್ತದೆ. ಆದರೆ ಒಳಗೆ ನಿಲ್ಲಲಾಗದು. ಮಂಡಿನೋವಿರುವವರಿಗೆ ಬಗ್ಗಿ ಬಗ್ಗಿ ಓಡಾಡುವುದು ನಿತ್ಯದ ಶಿಕ್ಷೆ. ಎತ್ತರದ ಮಾಡಿನ ಟೆಂಪೋ ಟ್ರಾವೆಲರಿನಲ್ಲಿ ನೆಟ್ಟಗೆ ನಿಂತು ಉಡುಪು ಬದಲಿಸಬಹುದು. ಆದರೆ ಇಂಧನದ ವೆಚ್ಚ ಹೆಚ್ಚು, ಮನೆಯ ಮುಂದೆ ನಿಲ್ಲಿಸಲು ಜಾಗವೂ ಬೇಕು.

ಒಳಗಿನ ಸಲಕರಣೆಗಳಿಗೂ ಮಿತಿಯಿರಲಿ. ನೂರು ಲೀಟರ್ ನೀರೆಂದರೆ ನೂರು ಕಿಲೋ ಭಾರ. 12 ವೋಲ್ಟಿನ 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅಡಗಿರುವುದು 1,200 ವಾಟ್-ಗಂಟೆಯ ವಿದ್ಯುತ್ತು. 20 ವಾಟಿನ ಫ್ಯಾನಿಗೂ ದೀಪಕ್ಕೂ ಅದು ರಾತ್ರಿಯಿಡೀ ಸಾಕು. 1,000 ವಾಟಿನ ಹವಾನಿಯಂತ್ರಕಕ್ಕೆ ಒಂದು ಗಂಟೆಗೆ ಮುಗಿಯಿತು. ಅಡುಗೆಯನ್ನು ಹೊರಗೇ ಮಾಡಬೇಕು. ಮುಚ್ಚಿದ ವಾಹನದೊಳಗೆ ಗ್ಯಾಸ್ ಒಲೆ ಉರಿಸುವುದು ಪ್ರಾಣಾಪಾಯ.

ಅಶೋಕ್ ಲೇಲ್ಯಾಂಡ್, ಟಿವಿಎಸ್ ಕಾರ್ಖಾನೆಗಳಿರುವ ಹೊಸೂರಿನಲ್ಲಿ ಕುಶಲ ಕೆಲಸಗಾರರಿಗೆ ಬರವಿಲ್ಲ. ಹಳೆಯ ವ್ಯಾನನ್ನು ಇಲ್ಲೇ ಮಾರ್ಪಡಿಸುವ ಆಸೆ ಸಹಜ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೆಲಸ ಆರಂಭಿಸುವ ಮೊದಲೇ ಆರ್‌ಟಿಒ ಕಚೇರಿಯನ್ನು ವಿಚಾರಿಸಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. 7,500 ಕಿಲೋ ಒಟ್ಟು ತೂಕದವರೆಗಿನ ವಾಹನ ಲಘು ವಾಹನವೆನಿಸುತ್ತದೆ. 55 ದಾಟಿದವರ ಚಾಲನಾ ಪರವಾನಗಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕೆಂಬುದೂ ನೆನಪಿರಲಿ. ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಿರುವುದರಿಂದ ಮೈಸೂರಿನಿಂದ ಊಟಿಯತ್ತ ಹೋಗುವವರು ಹಗಲಿನ ಪಯಣವನ್ನೇ ಯೋಜಿಸಬೇಕು.

ಕಡೆಯದಾಗಿ ಒಂದು ಲೆಕ್ಕ. ವಾಹನಕ್ಕೂ ಮಾರ್ಪಾಡಿಗೂ 12 ಲಕ್ಷ ರೂಪಾಯಿ ತಗಲುವುದೆಂದು ಇಟ್ಟುಕೊಳ್ಳೋಣ. ರಾತ್ರಿಗೆ 1,500 ರೂಪಾಯಿಯ ಕೋಣೆಯಲ್ಲಿ ತಂಗಿದರೆ ಅದೇ ಹಣ 800 ರಾತ್ರಿಗಳಿಗೆ ಸಾಕು. ವರ್ಷಕ್ಕೆ 40 ರಾತ್ರಿ ತಿರುಗುವವರಿಗೆ ಅದು ಇಪ್ಪತ್ತು ವರ್ಷದ ವಸತಿ. ಆದುದರಿಂದ ಉಳಿತಾಯಕ್ಕಾಗಿ ಕ್ಯಾರವಾನ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ದೇಹಕ್ಕೆ ಬೇಕಾದ ವಿಶ್ರಾಂತಿ ಅದಿಲ್ಲದೆ ಒದಗದು ಎನ್ನುವವರು ಮಾತ್ರ ಮುಂದುವರಿಯಲಿ. ಅವರೂ ಮೊದಲು ಅಂತಹ ವಾಹನವನ್ನು ಬಾಡಿಗೆಗೆ ಪಡೆದು ಎರಡು ರಾತ್ರಿ ಅದರಲ್ಲೇ ಕಳೆಯಲಿ. ಪತಿಪತ್ನಿಯರಿಬ್ಬರೂ ಮಲಗಿ, ಕತ್ತಲಲ್ಲಿ ಎದ್ದು, ಮೆಟ್ಟಿಲಿಳಿದು ನೋಡಲಿ. ಇಬ್ಬರೂ ಒಪ್ಪಿದ ಬಳಿಕ ಮುಂಗಡ ಕೊಟ್ಟರೆ ಸಾಕು.