ನಾಯಿಗೆ ಹೆಸರಿಡುವ ಮುನ್ನ



ನಮ್ಮ ಮನೆಗಳಲ್ಲಿ ಹೆಸರಿಡುವುದು ಹಗುರವಾದ ಕೆಲಸವಲ್ಲ. ಮಗು ಹುಟ್ಟಿದರೆ ಮನೆದೇವರ ಹೆಸರಿಡುವುದೋ, ಗತಿಸಿದ ಹಿರಿಯರ ಹೆಸರಿಡುವುದೋ, ಶರಣರ ಹೆಸರಿಡುವುದೋ ಎಂದು ಮನೆಮಂದಿಯೆಲ್ಲ ಕೂಡಿ ಯೋಚಿಸುತ್ತಾರೆ. ಗುರುಗಳನ್ನು ಬರಮಾಡಿಕೊಂಡು, ಬಂಧುಗಳ ಸಮ್ಮುಖದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರನ್ನು ಉಸುರುತ್ತಾರೆ. ಆದರೆ ಮನೆಗೆ ನಾಯಿಮರಿಯೊಂದು ಬಂದಾಗ ಹೆಸರಿಡುವ ಅಧಿಕಾರ ಮಕ್ಕಳ ಪಾಲಿನದು. ಮಕ್ಕಳಾದರೋ ಅದನ್ನು ಹುಡುಕುವುದು ದೂರದರ್ಶನದ ಪರದೆಯಲ್ಲಿ, ಚಿತ್ರಕಥೆಗಳ ಪುಟಗಳಲ್ಲಿ. ಇದರಲ್ಲಿ ಹಿರಿಯರು ಯೋಚಿಸತಕ್ಕದ್ದು ಏನಿದೆ ಎಂದು ಕೇಳುವವರಿರಬಹುದು. ಯೋಚಿಸತಕ್ಕದ್ದು ಇದೆ ಎಂಬುದು ಮಾಗಡಿ ಕಡೆಯ ಬಂಧುಗಳ ಮನೆಯೊಂದರಲ್ಲಿ ನಮಗೆ ಮನವರಿಕೆಯಾಯಿತು.

ಮೂರು ತಲೆಮಾರು, ಮೂರು ಹೆಸರು

ನಾವು ಹೋದ ದಿನ ಆ ಮನೆಗೆ ಕನಕಪುರದ ಬೀಗರ ಮನೆಯಿಂದ ಕಂದುಬಣ್ಣದ ಗಂಡುಮರಿಯೊಂದು ಬಂದಿತ್ತು. ಪಡಸಾಲೆಯಲ್ಲಿ ಹೆಸರಿನ ಚರ್ಚೆ ಜೋರಾಗಿ ನಡೆದಿತ್ತು.

ಮನೆಯ ಯಜಮಾನರಾದ ತಾತನವರು "ಡೆವಿಲ್ ಅಂತ ಇಡೋಣ" ಎಂದರು. ಅವರು ಓದುವ ಹುಡುಗರಾಗಿದ್ದಾಗ ಇಂದ್ರಜಾಲ ಕಾಮಿಕ್ಸ್‌ನ ಕಾಲ. 1964ರಲ್ಲಿ ಆರಂಭವಾಗಿ 1990ರವರೆಗೆ ನಡೆದ ಆ ಮಾಲಿಕೆಯಲ್ಲಿ ಲೀ ಫಾಕ್ ಎಂಬ ಅಮೆರಿಕದ ಲೇಖಕರು 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್‌ನ ಕಥೆಗಳು ಬರುತ್ತಿದ್ದವು. ಮುಖವಾಡ ಧರಿಸಿ ಕಾಡಿನ ಜನರನ್ನು ಕಾಯುವ ಆ ವೀರನ ಕುದುರೆಯ ಹೆಸರು ಹೀರೊ. ಜೊತೆಗಾರ ಪ್ರಾಣಿಯ ಹೆಸರು ಡೆವಿಲ್. ಡೆವಿಲ್ ನಾಯಿಯಲ್ಲ, ತೋಳ ಎಂಬುದನ್ನೂ ತಾತನವರು ಮರೆಯದೆ ಹೇಳಿದರು. ಆ ಮಾತಿನ ಅರ್ಥವೇನೆಂದು ಅಜ್ಜಿ ಕೇಳಿದರು. ದೆವ್ವ ಎಂದು ಮೊಮ್ಮಗ ತಿಳಿಸಿದ. "ಶಿವಪೂಜೆ ಮಾಡೋ ಮನೇಲಿ ಬೆಳಗಾಗೆದ್ದು ದೆವ್ವ ದೆವ್ವ ಅಂತ ಕೂಗೋದೆ?" ಎಂದರು ಅಜ್ಜಿ. ಆ ಹೆಸರು ಅಲ್ಲಿಗೇ ಬಿದ್ದುಹೋಯಿತು.

ಹುಡುಗನ ತಂದೆಯ ಆಯ್ಕೆ "ಶಕ್ತಿಮಾನ್". 1997ರ ಸೆಪ್ಟೆಂಬರ್‌ನಲ್ಲಿ ದೂರದರ್ಶನದಲ್ಲಿ ಮೊದಲುಗೊಂಡು 2005ರವರೆಗೆ ಪ್ರಸಾರವಾದ ಆ ಹಿಂದಿ ಧಾರಾವಾಹಿಯನ್ನು ಹಿಂದಿ ಬಾರದ ನಮ್ಮ ಹಳ್ಳಿಗಳ ಮಕ್ಕಳೂ ಕಣ್ಣು ಮಿಟುಕಿಸದೆ ನೋಡಿದರು. ಪತ್ರಿಕಾ ಕಚೇರಿಯ ಪೆದ್ದು ಛಾಯಾಗ್ರಾಹಕ ಗಂಗಾಧರನು ಗಿರಗಿರನೆ ಸುತ್ತಿ ಶಕ್ತಿಮಾನ್ ಆಗುತ್ತಿದ್ದ. ಮುಕೇಶ್ ಖನ್ನಾ ಅವರ ಆ ಪಾತ್ರವನ್ನು ಅನುಕರಿಸಿ ಅಂಗಳದಲ್ಲಿ ತಲೆ ತಿರುಗುವವರೆಗೆ ಸುತ್ತಿ ಬಿದ್ದವರಲ್ಲಿ ತಾನೂ ಒಬ್ಬನೆಂದು ಆ ತಂದೆ ನಕ್ಕರು.

ಒಂಬತ್ತು ವರ್ಷದ ಹುಡುಗನಿಗೆ ಇವೆರಡೂ ಹಳೆಯ ಸರಕು. ಅವನಿಗೆ ಬೇಕಾದದ್ದು "ಕ್ರಿಪ್ಟೊ". ಸೂಪರ್‌ಮ್ಯಾನ್ 1938ರಲ್ಲಿ ಹುಟ್ಟಿದ ಪಾತ್ರ. ಅವನ ನಾಯಿ ಕ್ರಿಪ್ಟೊ 1955ರ ಮಾರ್ಚ್ ಸಂಚಿಕೆಯೊಂದರಲ್ಲಿ ಮೊದಲು ಕಾಣಿಸಿಕೊಂಡಿತು. ಅದೇ ವರ್ಷ ಬ್ಯಾಟ್‌ಮ್ಯಾನ್‌ಗೂ ಏಸ್ ಎಂಬ ನಾಯಿ ಸಿಕ್ಕಿತು. ಹುಡುಗನಿಗೆ ಈ ಇತಿಹಾಸವೆಲ್ಲ ಗೊತ್ತಿರಲಿಲ್ಲ. 2025ರಲ್ಲಿ ತೆರೆಗೆ ಬಂದ ಸೂಪರ್‌ಮ್ಯಾನ್ ಚಿತ್ರದಲ್ಲಿ ಕೆಂಪು ಹೊದಿಕೆ ತೊಟ್ಟು ಹಾರುವ ಬಿಳಿಯ ನಾಯಿಯನ್ನು ಅವನು ಕಂಡಿದ್ದ, ಅಷ್ಟೆ.

ಅಜ್ಜಿಯ ಪ್ರಶ್ನೆ

ಮೂವರ ಮಾತನ್ನೂ ಕೇಳಿಸಿಕೊಂಡ ಅಜ್ಜಿ ಮೊಮ್ಮಗನನ್ನು ಹತ್ತಿರ ಕರೆದರು. "ಯಾಕೆ ಮಗ, ಅಂಥಾ ಹೆಸರೇ ಬೇಕು?"

"ಅದು ನಮ್ಮನ್ನ ಕಾಪಾಡುತ್ತೆ ಅಜ್ಜಿ. ಕಳ್ಳ ಬಂದ್ರೆ, ಹಾವು ಬಂದ್ರೆ, ಚಿರತೆ ಬಂದ್ರೂ ಓಡಿಸುತ್ತೆ."

"ಅದನ್ನ ಯಾರು ಕಾಪಾಡ್ತಾರೆ?"

ಹುಡುಗ ಉತ್ತರಿಸಲಿಲ್ಲ. ಆಗ ಅಜ್ಜಿ ಆ ಮನೆಯಲ್ಲಿ ಹಿಂದೆ ಇದ್ದ ನಾಯಿಯ ಸಂಗತಿಯನ್ನು ಹೇಳಿದರು. ಅದರ ಹೆಸರು ಟೈಗರ್. ಹುಲಿಯ ಹೆಸರಿಟ್ಟ ಮೇಲೆ ಅದಕ್ಕೆ ಭಯವಿಲ್ಲವೆಂದೋ ಏನೋ, ದಿನವೂ ರಾತ್ರಿ ಹಿತ್ತಿಲ ಕಂಬಕ್ಕೆ ಸರಪಣಿಯಿಂದ ಬಿಗಿದು ಮನೆಮಂದಿ ಒಳಗೆ ಅಗುಳಿ ಹಾಕಿ ಮಲಗುತ್ತಿದ್ದರು. ಒಂದು ರಾತ್ರಿ ನಾಯಿ ಬಹಳ ಹೊತ್ತು ಬೊಗಳಿತು. ಬಾಗಿಲು ತೆಗೆದು ನೋಡಲು ಯಾರಿಗೂ ಧೈರ್ಯವಾಗಲಿಲ್ಲ. ಬೆಳಿಗ್ಗೆ ಕಂಬದಲ್ಲಿ ಸರಪಣಿ ಮಾತ್ರ ಉಳಿದಿತ್ತು. "ಬಿಟ್ಟಿದ್ರೆ ಓಡಿಯಾದ್ರೂ ಹೋಗೋದು. ಕಟ್ಟಿಹಾಕಿ ಚಿರತೆಗೆ ಕೊಟ್ಟೋರು ನಾವೇ" ಎಂದು ಅಜ್ಜಿ ಸುಮ್ಮನಾದರು. ತಾತನವರು ತಲೆ ತಗ್ಗಿಸಿ ಕುಳಿತಿದ್ದರು.

ಮಾಗಡಿ, ರಾಮನಗರ, ಕನಕಪುರಗಳ ಬೆಟ್ಟಗುಡ್ಡಗಳ ಅಂಚಿನಲ್ಲಿ ವಾಸಿಸುವ ನಮ್ಮ ಬಂಧುಗಳಿಗೆ ಇದು ಹೊಸ ಸುದ್ದಿಯಲ್ಲ. ಸಾವನದುರ್ಗದ ಸುತ್ತಲಾಗಲಿ, ರಾಮದೇವರ ಬೆಟ್ಟದ ಬಂಡೆಗಳ ಬದಿಯಲ್ಲಾಗಲಿ ಚಿರತೆಗಳಿವೆ; ಊರಿನ ಅಂಚಿಗೆ ಬಂದ ಚಿರತೆಗೆ ಸುಲಭವಾಗಿ ದಕ್ಕುವ ಆಹಾರಗಳಲ್ಲಿ ನಾಯಿಯೂ ಒಂದು. ನಾವು ಇಟ್ಟ ಹೆಸರು ಚಿರತೆಗೆ ತಿಳಿಯದು.

ಈ ನೆಲದ ಎರಡು ನಿದರ್ಶನ

ನಾಯಿಯನ್ನು ಕಾವಲಿಗೆಂದು ಸಾಕುವುದು ಹಳೆಯ ವಾಡಿಕೆ. ಆದರೆ ಅದರ ಋಣವನ್ನು ಸ್ಮರಿಸುವ ವಾಡಿಕೆಯೂ ನಮ್ಮ ಸೀಮೆಯಲ್ಲಿ ಅಷ್ಟೇ ಹಳೆಯದು.

ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೆಂದೇ ಒಂದು ಗುಡಿಯಿದೆ. ಊರಿನ ಕೆಂಪಮ್ಮ ದೇವಿಯ ಗುಡಿ ಕಟ್ಟುತ್ತಿದ್ದ ಕಾಲದಲ್ಲಿ ಅಲ್ಲಿಯೇ ಓಡಾಡಿಕೊಂಡಿದ್ದ ಎರಡು ನಾಯಿಗಳು ಕಾಣೆಯಾದವೆಂದೂ, ದೇವಿಯು ಕನಸಿನಲ್ಲಿ ಬಂದು ಅವುಗಳಿಗೆ ನೆಲೆ ಮಾಡಿಕೊಡಲು ಹೇಳಿದಳೆಂದೂ ಗ್ರಾಮಸ್ಥರು ಹೇಳುತ್ತಾರೆ. 2010ರಲ್ಲಿ ಆ ಗುಡಿ ನಿರ್ಮಾಣವಾಯಿತು. ಒಳಗೆ ಎರಡು ನಾಯಿಗಳ ವಿಗ್ರಹಗಳಿದ್ದು ಪೂಜೆ ನಡೆಯುತ್ತದೆ. ಇಷ್ಟಲಿಂಗವನ್ನಲ್ಲದೆ ಅನ್ಯವನ್ನು ಪೂಜಿಸದ ನಮ್ಮವರಿಗೆ ಆ ಪೂಜೆ ಒಪ್ಪಿಗೆಯಾಗದಿರಬಹುದು. ಆದರೆ ಕಾಣೆಯಾದ ನಾಯಿಗಳನ್ನು ಒಂದು ಊರು ಮರೆಯಲಿಲ್ಲವೆಂಬುದು ಸ್ಮರಣೀಯವೇ ಸರಿ.

ಇನ್ನೊಂದು ನಿದರ್ಶನ ಸಾವಿರ ವರ್ಷಕ್ಕೂ ಹಿಂದಿನದು. ಚನ್ನಪಟ್ಟಣವನ್ನು ದಾಟಿದರೆ ಸಿಗುವ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳ ರಾಜಾದಿತ್ಯನನ್ನು ಸೋಲಿಸಿದರು. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನಿಗೆ, ಮೆಚ್ಚಿದ್ದನ್ನು ಬೇಡಿಕೊಳ್ಳೆಂದು ಒಡೆಯನ ಅಪ್ಪಣೆಯಾಯಿತು. ಅವನು ಬೇಡಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು! ಮುಂದೆ ಆ ಕಾಳಿ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಅಲ್ಲಿನ ಗೊರವನು, ಅಂದರೆ ಶಿವಾಲಯವನ್ನು ನೋಡಿಕೊಳ್ಳುವ ಶೈವ ಯತಿಯು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಶಾಸನ ವಿಧಿಸಿದೆ.

ಹೊಣೆ ಇರುವುದು ಯಾರ ಮೇಲೆ ಎಂಬುದನ್ನು ಓದುಗರು ಗಮನಿಸಬೇಕು. ನಾಯಿ ತನ್ನ ಕೆಲಸವನ್ನು ಮಾಡಿ ಮುಗಿಸಿತು. ಆಮೇಲಿನ ಕಟ್ಟಳೆಯೆಲ್ಲ ಮನುಷ್ಯನಿಗೇ.

ವೀರನೆಂದರೆ ಯಾರು?

ಮಕ್ಕಳು ಮೆಚ್ಚುವ ಈ ಕಥೆಗಳನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಅವುಗಳ ತಿರುಳು ಬಲವುಳ್ಳವನು ಬಲವಿಲ್ಲದವನನ್ನು ಕಾಯಬೇಕೆಂಬುದೇ. ಶಕ್ತಿಮಾನ್ ಬಂದು ರಕ್ಷಿಸುವನೆಂದು ನಂಬಿ ಮಕ್ಕಳು ಅಪಾಯಕ್ಕೆ ಸಿಲುಕಿಕೊಂಡರೆಂಬ ಸುದ್ದಿಗಳು ಆ ದಿನಗಳಲ್ಲಿ ಬಂದು ತಂದೆತಾಯಿಗಳು ಕಳವಳಗೊಂಡದ್ದು ಹಲವರಿಗೆ ನೆನಪಿರಬಹುದು. ಇಂಥ ಸಾಹಸ ಮಾಡಬೇಡಿರೆಂದು ಆ ಪಾತ್ರಧಾರಿಯೇ ಮಕ್ಕಳಿಗೆ ತಿಳಿಹೇಳಿದರು. ಸಂಚಿಕೆಯ ಕೊನೆಯಲ್ಲಿ ಸಣ್ಣ ಸಣ್ಣ ಒಳ್ಳೆಯ ನಡತೆಗಳ ಪಾಠವನ್ನೂ ಹೇಳುತ್ತಿದ್ದರು. ಕಲ್ಪನೆಯ ಬಲವೇ ಬೇರೆ, ನಿತ್ಯದ ನಡತೆಯೇ ಬೇರೆ ಎಂಬ ತಿಳಿವಳಿಕೆ ಅಂದು ಮಕ್ಕಳಿಗೆ ಬೇಕಾಗಿತ್ತು. ನಾಯಿ ಸಾಕುವ ಮನೆಗೆ ಇಂದೂ ಬೇಕು.

ಹೊಸ ಸೂಪರ್‌ಮ್ಯಾನ್ ಚಿತ್ರದ ನಿರ್ದೇಶಕ ಜೇಮ್ಸ್ ಗನ್ ಅವರು ತಮ್ಮ ಕ್ರಿಪ್ಟೊಗೆ ಪ್ರೇರಣೆಯಾದದ್ದು ತಾವು ದತ್ತು ತಂದ ಓಜು ಎಂಬ ನಾಯಿ ಎಂದು ಹೇಳಿಕೊಂಡಿದ್ದಾರೆ. ಕೆಟ್ಟ ಸ್ಥಿತಿಯಿಂದ ಪಾರಾಗಿ ಬಂದ ಆ ನಾಯಿ ಮೊದಮೊದಲು ಮನೆಯ ಸಾಮಾನನ್ನೆಲ್ಲ ಕಚ್ಚಿ ಹಾಳುಮಾಡಿತಂತೆ. ಹುಡುಗ ಮೆಚ್ಚಿದ ಹಾರುವ ನಾಯಿಯ ಹಿಂದೆ ಮನುಷ್ಯರ ಆಸರೆ ಬೇಕಾಗಿದ್ದ ಒಂದು ಬಡಜೀವವಿತ್ತು. 2022ರ ಜೂನ್‌ನಲ್ಲಿ ಬಂದ ನಮ್ಮ ಕನ್ನಡದ "777 ಚಾರ್ಲಿ" ಚಿತ್ರದಲ್ಲಿಯೂ ಒಂಟಿ ಬಾಳಿನ ನಾಯಕನು ತಾನು ಮೆಚ್ಚಿದ ಚಾರ್ಲಿ ಚಾಪ್ಲಿನ್ನನ ಹೆಸರನ್ನೇ ನಾಯಿಗೆ ಇಡುತ್ತಾನೆ. ಹೆಸರಿಟ್ಟ ಬಳಿಕ ಅದರ ಕಾಯಿಲೆ, ಕೊನೆಗಾಲ ಎಲ್ಲವೂ ಅವನ ಪಾಲಿಗೆ ಬರುತ್ತವೆ.

ಬಸವಾದಿ ಶರಣರು ಧರ್ಮದ ಬೇರನ್ನು ಸಕಲ ಪ್ರಾಣಿಗಳ ಮೇಲಿನ ದಯೆಯಲ್ಲಿ ಕಂಡರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿ, 2019ರ ಜನವರಿಯಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳವರು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದರು. ಆ ಸೀಮೆಯ ಮಕ್ಕಳಿಗೆ ವೀರತ್ವದ ಅರ್ಥ ಹೇಳಲು ದೂರ ಹೋಗಬೇಕಾಗಿಲ್ಲ. ಆಶ್ರಯಿಸಿದ ಜೀವಕ್ಕೆ ಹೊತ್ತಿಗೆ ಸರಿಯಾಗಿ ಅನ್ನವಿಡುವುದೂ ಒಂದು ಬಲವೇ.

ಮನೆಯವರು ನೆನಪಿಡಬೇಕಾದದ್ದು

ಹೆಸರು ಚಿಕ್ಕದಾಗಿರಲಿ. ಒಂದೆರಡು ಉಸಿರಿನಲ್ಲಿ ಮುಗಿಯುವ ಹೆಸರನ್ನು ನಾಯಿ ಬೇಗ ಗುರುತಿಸುತ್ತದೆ. ಪೂರ್ಣಚಂದ್ರ ತೇಜಸ್ವಿಯವರ "ಕರ್ವಾಲೊ" ಓದಿದವರಿಗೆ ಅದರಲ್ಲಿನ "ಕಿವಿ" ಎಂಬ ನಾಯಿ ನೆನಪಿರುತ್ತದೆ. ಎರಡೇ ಅಕ್ಷರ, ಮರೆಯುವಂತಿಲ್ಲ! ಶರಣರ ಹೆಸರು, ಮನೆದೇವರ ಹೆಸರು, ನೆರೆಹೊರೆಯವರ ಹೆಸರು ಬೇಡ. ರಾಮನಗರದ ರೇವಣಸಿದ್ಧೇಶ್ವರ ಬೆಟ್ಟಕ್ಕೆ ನಡೆದುಕೊಳ್ಳುವ ಮನೆತನಗಳಿರುವ ಊರಿನಲ್ಲಿ ನಾಯಿಯನ್ನು ರೇವಣ್ಣನೆಂದು ಕೂಗಿದರೆ ನೊಂದುಕೊಳ್ಳುವವರು ಇದ್ದೇ ಇರುತ್ತಾರೆ. ಧಾರಾವಾಹಿಯ ವೀರ ಕೆಲವು ವರ್ಷಗಳಲ್ಲಿ ಮರೆಗೆ ಸರಿಯಬಹುದು, ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ ಎಂಬುದನ್ನೂ ಮಕ್ಕಳಿಗೆ ತಿಳಿಸಬೇಕು.

ಮಾಂಸ ಒಲ್ಲದ ನಮ್ಮ ಮನೆಗಳಲ್ಲಿ ನಾಯಿಯ ಊಟದ ಪ್ರಶ್ನೆ ಏಳುವುದು ಸಹಜ. ಪ್ರಾಣ್ ಅವರ ಚಾಚಾ ಚೌಧರಿ ಚಿತ್ರಕಥೆಗಳಲ್ಲಿ ಬರುವ ರಾಕೆಟ್ ಎಂಬ ನಾಯಿ ಹಾಲು ಕುಡಿದು ಬದುಕುವ ಶಾಕಾಹಾರಿ. ನಿಜವಾದ ನಾಯಿಗೆ ಹಾಲು ಅನ್ನ ಮಾತ್ರ ಸಾಲದು. ಶಾಕಾಹಾರದಲ್ಲಿಯೇ ಸಾಕಬಹುದು, ಆದರೆ ಬೇಳೆಕಾಳಿನ ಸತ್ತ್ವ ಮೊದಲಾದವು ಎಷ್ಟಿರಬೇಕೆಂದು ಪಶುವೈದ್ಯರಲ್ಲಿ ಕೇಳಿ ನಡೆಯಬೇಕು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ದ್ರಾಕ್ಷಿ ನಾಯಿಗೆ ವಿಷಕಾರಿ. ಹಬ್ಬದ ದಿನ ಒಣದ್ರಾಕ್ಷಿ ಬಿದ್ದ ಪಾಯಸವನ್ನು ಪ್ರೀತಿಯಿಂದ ಬಡಿಸಿದರೂ ಕೇಡೇ.

ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸುತ್ತಿರಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮರಿಯಾಗಿದ್ದಾಗ ಮುದ್ದಿಸಿ, ಬೆಳೆದ ಮೇಲೆ ಬೇಡವೆಂದು ಹೆದ್ದಾರಿಯ ಬದಿಯಲ್ಲಿ ಇಳಿಸಿಹೋಗುವುದು ಪಾಪವಷ್ಟೇ ಅಲ್ಲ. ಹಸಿವು ನೀರಡಿಕೆಗಳಿಂದ ನರಳುವಂತೆ ಸಾಕುಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಇನ್ನು ಬೆಟ್ಟದ ಅಂಚಿನ ಊರಿನವರು ಕತ್ತಲಾದ ಮೇಲೆ ನಾಯಿಯನ್ನು ಹೊರಗೆ ಕಟ್ಟಿಹಾಕಬಾರದು. ಒಳಗೆ ಜಾಗವಿಲ್ಲವಾದರೆ ಬಾಗಿಲು ಭದ್ರವಾಗಿರುವ ಗೂಡನ್ನಾದರೂ ಮಾಡಿಸಬೇಕು.

ಕೊನೆಗೆ ಇಟ್ಟ ಹೆಸರು

ಆ ಸಂಜೆ ಹೆಸರು ನಿಶ್ಚಯವಾದದ್ದು ಹುಡುಗನ ತಂದೆಗೆ ತಮ್ಮ ಬಾಲ್ಯದ "ಬಾಲಮಂಗಳ" ನೆನಪಾದಾಗ. ಅದರಲ್ಲಿ ಬರುತ್ತಿದ್ದ ಡಿಂಗನೆಂಬ ಪುಟ್ಟ ಇಲಿ, ಕಾಡಿನ ಪ್ರಾಣಿಗಳು ಕಷ್ಟದಲ್ಲಿ ಕರೆದಾಗ ಹಾರಿಬಂದು ಕಾಯುತ್ತಿತ್ತು. ಇಲಿಯ ಹೆಸರನ್ನು ನಾಯಿಗಿಡುವುದೇ ಎಂದು ತಾತನವರು ನಕ್ಕರು. "ಇಲಿಯಾದ್ರೇನು, ತನಗಿಂತ ಬಡಪಾಯಿಗಳನ್ನ ಕಾಯ್ತಿತ್ತಲ್ಲ. ಇರಲಿ ಬಿಡಿ" ಎಂದು ಅಜ್ಜಿ ತೀರ್ಪು ಕೊಟ್ಟರು. ಹುಡುಗ ಎರಡು ಸಲ "ಡಿಂಗ, ಡಿಂಗ" ಎಂದು ಕರೆದ. ಹೆಸರು ಒಪ್ಪಿಗೆಯಾಯಿತೋ, ಅವನ ಕೈಯಲ್ಲಿದ್ದ ರೊಟ್ಟಿಯ ಚೂರು ಒಪ್ಪಿಗೆಯಾಯಿತೋ, ಮರಿ ಓಡಿಬಂತು.

ನಾವು ಹೊರಡುವ ಹೊತ್ತಿಗೆ ಕತ್ತಲಾಗಿತ್ತು. ಹಿತ್ತಿಲಿನಲ್ಲಿ ಹಳೆಯ ಕಂಬ ಇನ್ನೂ ನಿಂತಿತ್ತು. ಹುಡುಗ ಪಡಸಾಲೆಯ ಮೂಲೆಯಲ್ಲಿ ಗೋಣಿತಾಟು ಮಡಿಸಿ ಹಾಸುತ್ತಿದ್ದ. ಮನೆಯೊಳಗೆ ನಾಯಿ ಬರಕೂಡದೆಂದು ಹಿಂದೆ ಕಟ್ಟುನಿಟ್ಟು ಮಾಡುತ್ತಿದ್ದವರು ಅಜ್ಜಿಯೇ ಎಂದು ಸೊಸೆ ನಮಗೆ ಮೆಲ್ಲನೆ ಹೇಳಿದರು. ಅಜ್ಜಿ ಒಳಗಿನಿಂದ ಕೂಗಿ ಹೇಳುತ್ತಿದ್ದರು: "ಮಗ, ಡಿಂಗ ಒಳಗೆ ಬಂತಾ ನೋಡು. ಆಮೇಲೆ ಅಗುಳಿ ಹಾಕು."