ಏಡಿಯನ್ನು ಮಗುಚಿ ನೋಡಿದಾಗ

ನಮ್ಮ ಕರಾವಳಿಯ ಮೀನುಪೇಟೆಯಲ್ಲಿ ಏಡಿ ಕೊಳ್ಳುವವರು ಅದನ್ನು ಮಗುಚಿ, ಎದೆಗೆ ಒತ್ತಿಕೊಂಡಿರುವ ಹೊಟ್ಟೆಯ ಮಡಿಕೆ ಅಗಲವಾಗಿದ್ದರೆ ಹೆಣ್ಣೆಂದೂ ಕಿರಿದಾಗಿದ್ದರೆ ಗಂಡೆಂದೂ ಕ್ಷಣಮಾತ್ರದಲ್ಲಿ ನಿರ್ಣಯಿಸುವುದುಂಟು. ಆಳಸಮುದ್ರದ ಏಡಿಗಳ ವಂಶವನ್ನು ಶೋಧಿಸುವ ವಿಜ್ಞಾನಿಯೂ ಮೊದಲು ಮಾಡಬೇಕಾದುದು ಇದನ್ನೇ. ಏಕೆಂದರೆ ಬೆನ್ನಿನ ಕವಚವು ಎಷ್ಟು ಮನೋಹರವಾಗಿದ್ದರೂ ಕುಲಗೋತ್ರದ ವಿಷಯದಲ್ಲಿ ಅದರ ಸಾಕ್ಷ್ಯವನ್ನು ನೆಚ್ಚುವಂತಿಲ್ಲ.

ಶೀತಸಮುದ್ರಗಳಲ್ಲಿಯೂ ಸಾಗರಗಳ ಆಳದಲ್ಲಿಯೂ ವಾಸಿಸುವ ರಾಜ ಏಡಿಯ ಮುಳ್ಳುಕವಚವನ್ನೂ ನೀಳವಾದ ಕಾಲುಗಳನ್ನೂ ಕಂಡವರಾರೂ ಅದು ಏಡಿಯಲ್ಲವೆನ್ನಲಾರರು. ಆದರೆ ಎಣಿಸಿ ನೋಡಿದರೆ, ಇಕ್ಕುಳಗಳ ಹಿಂದೆ ನಾಲ್ಕು ಜೊತೆ ಕಾಲುಗಳಿರಬೇಕಾದೆಡೆ ಮೂರೇ ಕಾಣುತ್ತವೆ. ನಾಲ್ಕನೆಯ ಜೊತೆ ಕಡ್ಡಿಯಂತೆ ಸಣಕಲಾಗಿ, ಕಿವಿರುಗೂಡಿನೊಳಗೆ ಅಡಗಿ, ಕಿವಿರುಗಳನ್ನು ಶುಚಿಗೊಳಿಸುತ್ತಿರುತ್ತದೆ. ಹೆಣ್ಣನ್ನು ಮಗುಚಿದರಂತೂ ಹೊಟ್ಟೆಯ ಫಲಕಗಳು ಒಂದು ಮಗ್ಗುಲಿಗೆ ಸೊಟ್ಟಗೆ ವಾಲಿರುವುದನ್ನು ಕಾಣಬಹುದು. ಈ ವಕ್ರತೆಯು, ಸುರುಳಿಯಾದ ಶಂಖದೊಳಗೆ ಹೊಟ್ಟೆಯನ್ನು ತೂರಿಸಿಕೊಂಡು ಬಾಳುವ ಸನ್ಯಾಸಿ ಏಡಿಯ ಲಕ್ಷಣವಷ್ಟೆ; ಶಂಖವನ್ನು ತೊರೆದು ಯುಗಗಳೇ ಸಂದರೂ ಅದರ ಅಚ್ಚು ಮೈಯಿಂದ ಅಳಿದಿಲ್ಲ. ಏಡಿಯಲ್ಲದುದು ಏಡಿಯ ಆಕಾರವನ್ನು ತಾಳುವ ಈ ಪರಿವರ್ತನೆಗೆ ಪ್ರಾಣಿವಿಜ್ಞಾನಿ ಬೊರಡೈಲ್ 1916ರಲ್ಲಿಯೇ ಹೆಸರಿಟ್ಟಿದ್ದನು. ರಾಜ ಏಡಿಯ ಪೂರ್ವಜರು ಸನ್ಯಾಸಿ ಏಡಿಗಳೆಂಬುದನ್ನು 1992ರಲ್ಲಿ ಪ್ರಕಟವಾದ ಅನುವಂಶಿಕ ಅಧ್ಯಯನವೂ ಸಮರ್ಥಿಸಿತು. ಆದುದರಿಂದ ಅದರ ಸ್ಥಾನ 'ಅನೊಮ್ಯೂರ' ವರ್ಗದಲ್ಲಿ. ನಿಜವಾದ ಏಡಿಗಳದು 'ಬ್ರಾಕಿಯೂರ'.

ಈ ನಿಜವಾದ ಏಡಿಗಳೊಳಗಿನ ವಿಭಜನೆಗೂ ಆಧಾರ ಮೈಯ ಅಡಿಭಾಗವೇ. ಪ್ಯಾರಿಸಿನ ವಿದುಷಿ ಡೇನಿಯೆಲ್ ಗಿನೋ 1977ರಲ್ಲಿ ಜನನರಂಧ್ರಗಳ ಸ್ಥಾನವನ್ನು ಹಿಡಿದು ಮೂರು ವಿಭಾಗಗಳನ್ನು ಕಲ್ಪಿಸಿದರು: ಗಂಡು ಹೆಣ್ಣುಗಳೆರಡರಲ್ಲಿಯೂ ರಂಧ್ರಗಳು ಕಾಲಬುಡದಲ್ಲಿರುವುವು ಮೊದಲನೆಯವು, ಹೆಣ್ಣಿನಲ್ಲಿ ಎದೆಫಲಕಕ್ಕೆ ಸರಿದು ಗಂಡಿನಲ್ಲಿ ಕಾಲಬುಡದಲ್ಲಿಯೇ ಉಳಿದಿರುವುವು ಎರಡನೆಯವು, ಎರಡರಲ್ಲಿಯೂ ಎದೆಗೆ ಸರಿದಿರುವುವು ಮೂರನೆಯವು. ಕಡೆಯ ಜೊತೆ ಕಾಲುಗಳನ್ನು ಬೆನ್ನ ಮೇಲಕ್ಕೆತ್ತಿ, ಅವುಗಳಿಂದ ಸ್ಪಂಜನ್ನು ಕೊಡೆಯಂತೆ ಹಿಡಿದು ಆಳದಲ್ಲಿ ಸಂಚರಿಸುವ ಹೊಮೊಲ ಏಡಿಗಳು ಮೊದಲನೆಯ ವಿಭಾಗಕ್ಕೆ ಸೇರಿದವು. ಆ ವಿಭಾಗವು ಒಂದೇ ಕವಲಿನಿಂದ ಬಂದುದಲ್ಲವೆಂದು ಈಚಿನ ಅನುವಂಶಿಕ ಸಂಶೋಧನೆಗಳು ಸೂಚಿಸಿದರೂ ಗಿನೋ ಅವರ ದೃಷ್ಟಿಯ ಬೆಲೆ ನನ್ನ ಮಟ್ಟಿಗೆ ಕುಗ್ಗಿಲ್ಲ. ಏಡಿಗಳ ಇಂತಹ ಅಧ್ಯಯನದಲ್ಲಿ ನಮ್ಮ ಸಮುದ್ರಗಳ ಮಟ್ಟಿಗೆ ಸ್ಮರಣೀಯನಾದವನು, 'ಇನ್ವೆಸ್ಟಿಗೇಟರ್' ನೌಕೆಯ ವೈದ್ಯನಾಗಿದ್ದು, ಅದರ ಬಲೆಗೆ ಸಿಕ್ಕಿದ ಆಳಸಮುದ್ರದ ಏಡಿಗಳನ್ನು ವರ್ಣಿಸಿ 1899ರಲ್ಲಿ ಗ್ರಂಥವನ್ನು ಹೊರತಂದ ಆಲ್ಫ್ರೆಡ್ ಆಲ್ಕಾಕ್.

ಜಗತ್ತಿನ ಏಡಿಗಳನ್ನೆಲ್ಲ ಪಟ್ಟಿಮಾಡಿದ 2008ರ ಮಹಾಸೂಚಿಯಲ್ಲಿ ನಿಜವಾದ ಏಡಿಗಳ ಪ್ರಭೇದಗಳ ಸಂಖ್ಯೆ 6,793. ಅವುಗಳಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸಿದುದು, ಗಲಾಪಗೋಸ್ ಬಳಿ ಸುಮಾರು 2,500 ಮೀಟರ್ ಆಳದಲ್ಲಿ 1977ರಲ್ಲಿ ಗೋಚರವಾದ ಬಿಸಿನೀರಿನ ಬುಗ್ಗೆಗಳ ಬಳಿಯ ಬಿಳಿಯ ಏಡಿ. ಅದುವರೆಗಿನ ಯಾವ ಕುಟುಂಬಕ್ಕೂ ಹೊಂದದ ಅದಕ್ಕಾಗಿ ಪ್ರಾಣಿವಿಜ್ಞಾನಿ ವಿಲಿಯಮ್ಸ್ 1980ರಲ್ಲಿ ಹೊಸ ಕುಟುಂಬವನ್ನೇ ಸ್ಥಾಪಿಸಬೇಕಾಯಿತು. ಇದರ ಮರಿಗೆ ಬಿಂಬವನ್ನು ಗ್ರಹಿಸಬಲ್ಲ ಸಂಯುಕ್ತ ನೇತ್ರಗಳಿವೆ. ಅದು ಬುಗ್ಗೆಯ ಬದಿಗಿಳಿದು ಬೆಳೆದಂತೆಲ್ಲ ಆ ರಚನೆ ಅಳಿದು, ಬಿಂಬವನ್ನು ಮೂಡಿಸಲಾರದೆ ಬೆಳಕನ್ನು ಮಾತ್ರ ಅರಿಯುವ ಬರಿಯ ದೃಷ್ಟಿಪಟಲವೊಂದು ಉಳಿಯುತ್ತದೆ. ಕಣ್ಣೊಂದನ್ನೇ ಲಕ್ಷಣವೆಂದು ಹಿಡಿದವನು ತಾಯಿಯನ್ನೂ ಮರಿಯನ್ನೂ ಎರಡು ಬೇರೆ ಮನೆತನಗಳಿಗೆ ಹಚ್ಚಿಬಿಟ್ಟಾನು.